ಹಿಂಬದಿ ಕ್ಯಾಂಬರ್ ಆರ್ಮ್: ಕೊಳ್ಳುವ ಮುನ್ನ ನೋಡಬೇಕಾದ್ದು

ಕಾರನ್ನು ತಗ್ಗಿಸಿದಾಗ ಮಲ್ಟಿಲಿಂಕ್ ಸಸ್ಪೆನ್ಷನ್‌ನಲ್ಲಿ ಹಿಂಚಕ್ರದ ಮೇಲ್ತುದಿ ಒಳಗೆ ವಾಲುತ್ತದೆ. ಈ ವಾಲಿಕೆಯೇ ಕ್ಯಾಂಬರ್, ಒಳಗೆ ವಾಲಿದರೆ ಮೈನಸ್. ಕಂಪನಿಯ ಎಕ್ಸೆಂಟ್ರಿಕ್ ಬೋಲ್ಟ್‌ಗೆ (ತಿರುಗಿಸಿ ಕೋನ ಹೊಂದಿಸುವ ಬೋಲ್ಟ್) ಅಷ್ಟನ್ನೂ ಸರಿಪಡಿಸುವಷ್ಟು ಅವಕಾಶ ಸಾಮಾನ್ಯವಾಗಿ ಇರುವುದಿಲ್ಲ. ಉದ್ದ ಹೊಂದಿಸಬಹುದಾದ ಕ್ಯಾಂಬರ್ ಆರ್ಮ್ (ಚಕ್ರವನ್ನು ಕಾರಿಗೆ ಜೋಡಿಸುವ ತೋಳು) ಬೇಕಾಗುವುದು ಅಲ್ಲೇ.

ನಡುವೆ ಟರ್ನ್‌ಬಕಲ್ (ತಿರುಗಿಸಿದರೆ ಉದ್ದ ಬದಲಾಗುವ ಭಾಗ), ಒಂದು ತುದಿಗೆ ಎಡ ಮರೆ (ಸ್ಕ್ರೂ ಥ್ರೆಡ್), ಇನ್ನೊಂದಕ್ಕೆ ಬಲ ಮರೆ ಇರುವ ವಿನ್ಯಾಸವೇ ಮೇಲು. ಆರ್ಮ್ ಕಳಚದೆ ಅಲೈನ್‌ಮೆಂಟ್ ಯಂತ್ರದ ಮೇಲೇ ತಿರುಗಿಸಬಹುದು. ಒಂದೇ ಕಡೆ ಮರೆ ಇರುವ ಅಗ್ಗದ ಮಾದರಿಯನ್ನು ಪ್ರತಿ ಸಲ ಬಿಚ್ಚಬೇಕು, ಅದು ಶುದ್ಧ ತಲೆನೋವು. ಆರ್ಮ್ ತುದಿಯ ಕೀಲಿಗೆ ಸ್ಫೆರಿಕಲ್ ಬೇರಿಂಗ್ (ಲೋಹದ ಗುಂಡು ಕೀಲು) ರೇಸ್ ಟ್ರ್ಯಾಕ್‌ನಲ್ಲಿ ಕರಾರುವಾಕ್ಕು. ರಸ್ತೆಯಲ್ಲಾದರೆ ಧೂಳು ಹೊಕ್ಕು ಕಟಕಟ ಶುರು. ದಿನಬಳಕೆಗೆ ರಬ್ಬರ್ ಬುಷ್ ಸಾಕು.

ಕ್ಯಾಂಬರ್ ಬದಲಾದರೆ ಟೋ (ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರುವುದು) ಕೂಡ ಬದಲಾಗುತ್ತದೆ. ಮೊದಲು ಕ್ಯಾಂಬರ್, ಆಮೇಲೆ ಟೋ, ಮತ್ತೆ ಕ್ಯಾಂಬರ್ ಪರೀಕ್ಷೆ. ರಸ್ತೆಗೆ ಮೈನಸ್ 1ರಿಂದ 1.5 ಡಿಗ್ರಿ, ಜೊತೆಗೆ ತುಸು ಟೋ-ಇನ್ (ಮುಂಭಾಗ ಒಳಕ್ಕೆ) ಒಳ್ಳೆಯ ಆರಂಭ. ಟೈರಿನ ಒಳಅಂಚು ಬೇಗ ಸವೆದರೆ ಎಲ್ಲರೂ ಕ್ಯಾಂಬರನ್ನೇ ದೂರುತ್ತಾರೆ, ಬಹಳ ಸಲ ಕಳ್ಳ ಟೋ.

ಮರೆಯ ವ್ಯಾಸದ ಒಂದೂವರೆ ಪಟ್ಟಾದರೂ ಉದ್ದದ ಮರೆ ಒಳಗೆ ಕೂತಿರಲಿ. ರಬ್ಬರ್ ಬುಷ್‌ನ ಬೋಲ್ಟನ್ನು ಚಕ್ರ ನೇತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಹರಿಯುತ್ತದೆ. ಕಾರಿನ ಭಾರ ಚಕ್ರದ ಮೇಲಿರುವಾಗಲೇ ಅಂತಿಮ ಟಾರ್ಕ್ ಕೊಡಿ. ಜಾಮ್ ನಟ್ (ಹೊಂದಿಸಿದ ಉದ್ದ ಕದಲದಂತೆ ಬಿಗಿಯುವ ನಟ್) ಮೇಲೆ ಪೇಂಟ್ ಗೆರೆ ಎಳೆದಿಟ್ಟರೆ ಸಡಿಲವಾದದ್ದು ಕೆಳಗೆ ಬಗ್ಗಿದ ಕೂಡಲೇ ಕಾಣುತ್ತದೆ.