‘4ಕೆ’ ಅಡಾಪ್ಟರಿನ ಪೆಟ್ಟಿಗೆಯ ಮೇಲೆ ಬರೆಯದೇ ಬಿಟ್ಟ 30 ಹರ್ಟ್ಸ್

ಪೆಟ್ಟಿಗೆಯ ಮೇಲೆ ‘4ಕೆ’ (3840×2160 ಚುಕ್ಕಿಗಳ ಚಿತ್ರ) ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕುವ ತಯಾರಕರು, ಅದರ ಪಕ್ಕದಲ್ಲೇ ‘30 ಹರ್ಟ್ಸ್’ (ಸೆಕೆಂಡಿಗೆ 30 ಬಾರಿ ಚಿತ್ರ ಬದಲಾಗುವುದು) ಎಂದೂ ಅಷ್ಟೇ ದಪ್ಪವಾಗಿ ಹಾಕಬೇಕು. ಲ್ಯಾಪ್‌ಟಾಪಿನ ಟೈಪ್-ಸಿ ಕಿಂಡಿಯಿಂದ ಬರುವ ಚಿತ್ರವನ್ನು ಮಾನಿಟರಿನ ಎಚ್‌ಡಿಎಂಐ ಕಿಂಡಿಗೆ ಹೊಂದುವಂತೆ ಬದಲಿಸುವ ಅಡಾಪ್ಟರೊಂದನ್ನು ವರ್ಷಕ್ಕೂ ಮೇಲ್ಪಟ್ಟು ದಿನವೂ ಬಳಸಿದ ನನ್ನ ಮುಖ್ಯ ತಕರಾರು ಇದೇ.

ತೀರ್ಥಹಳ್ಳಿಯ ಮನೆಯಲ್ಲಿ ಕುಳಿತು ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡುವುದು, ಕರಡು ತಿದ್ದುವುದು ನನ್ನ ಕೆಲಸ. ಎದುರುಬದುರು ಪುಟಗಳನ್ನು ಒಟ್ಟಿಗೆ ನೋಡಲೆಂದು 27 ಇಂಚಿನ 4ಕೆ ಮಾನಿಟರ್ ತಂದೆ. ಹಣವೆಲ್ಲ ಅದಕ್ಕೇ ಹೋದದ್ದರಿಂದ, ಶಿವಮೊಗ್ಗದ ನೆಹರೂ ರಸ್ತೆಯ ಅಂಗಡಿಯೊಂದರಲ್ಲಿ ಸಾವಿರ ರೂಪಾಯಿಯೊಳಗೆ ಸಿಕ್ಕ ಅಡಾಪ್ಟರನ್ನು ಕೊಂಡೆ. ಜೋಡಿಸಿದ ಕೂಡಲೇ ಚಿತ್ರ ಬಂತು. ಯಾವ ಡ್ರೈವರನ್ನೂ ಹಾಕಬೇಕಾಗಲಿಲ್ಲ. ಆದರೆ ಮೌಸಿನ ಬಾಣ ಕೈಯ ಹಿಂದೆ ಎಳೆದುಕೊಂಡು ಬರುತ್ತಿತ್ತು, ಪುಟ ಸರಿಸಿದರೆ ಸಾಲುಗಳು ತಡೆತಡೆದು ಏರುತ್ತಿದ್ದವು. ಸಂಜೆಯ ಹೊತ್ತಿಗೆ ಕಣ್ಣು ಸೋತು ಹೋಗುತ್ತಿತ್ತು.

ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ನೋಡಿದಾಗ ಪರದೆ ಸೆಕೆಂಡಿಗೆ 60 ಬಾರಿಯ ಬದಲು 30 ಬಾರಿ ಮಾತ್ರ ಬದಲಾಗುತ್ತಿರುವುದು ತಿಳಿಯಿತು. ಲ್ಯಾಪ್‌ಟಾಪಿನ ಟೈಪ್-ಸಿ ಕಿಂಡಿಯಿಂದ ಹೊರಡುವುದು ಡಿಸ್‌ಪ್ಲೇಪೋರ್ಟ್ ಎಂಬ ಬಗೆಯ ಚಿತ್ರಸಂಕೇತ. ಅದನ್ನು ಎಚ್‌ಡಿಎಂಐ ಆಗಿ ಬದಲಿಸುವುದು ಅಡಾಪ್ಟರಿನೊಳಗಿನ ಚಿಪ್. ನನ್ನದರಲ್ಲಿರುವ ಚಿಪ್ 2009ರ ಎಚ್‌ಡಿಎಂಐ 1.4 ಮಾನದಂಡದ್ದು. ಸೆಕೆಂಡಿಗೆ 10.2 ಗಿಗಾಬಿಟ್‌ಗಳಷ್ಟೇ ಹಾಯುವ ಆ ದಾರಿಯಲ್ಲಿ 4ಕೆ ಚಿತ್ರ 30 ಹರ್ಟ್ಸ್‌ಗೆ ನಿಲ್ಲುತ್ತದೆ. 60 ಹರ್ಟ್ಸ್ ಬೇಕಾದರೆ 18 ಗಿಗಾಬಿಟ್ ಹಾಯುವ, 2013ರ ಎಚ್‌ಡಿಎಂಐ 2.0 ಬೇಕು. ಲ್ಯಾಪ್‌ಟಾಪೂ ಮಾನಿಟರೂ ಎರಡೂ ಸಮರ್ಥವಾಗಿದ್ದು, ನಡುವಿನ ಬೆರಳುದ್ದದ ವಸ್ತುವೊಂದು ಅವೆರಡನ್ನೂ ಅರ್ಧ ವೇಗಕ್ಕೆ ಇಳಿಸುತ್ತದೆಂಬುದು ಕೊಳ್ಳುವವರಿಗೆ ಮೊದಲೇ ತಿಳಿಯಬೇಕಾದ ವಿಷಯ.

ರೆಸಲ್ಯೂಶನ್ನನ್ನು, ಅಂದರೆ ಚಿತ್ರದ ಚುಕ್ಕಿಗಳ ಲೆಕ್ಕವನ್ನು, 2560×1440ಕ್ಕೆ ಇಳಿಸಿದರೆ ಇದೇ ಅಡಾಪ್ಟರ್ 60 ಹರ್ಟ್ಸ್ ಕೊಡುತ್ತದೆ, ಬಾಣವೂ ಸರಾಗವಾಗಿ ಓಡುತ್ತದೆ. ಆದರೆ ಆಗ ಚಿತ್ರದ ಒಂದೊಂದು ಚುಕ್ಕಿಯೂ ಅಗಲದಲ್ಲೂ ಎತ್ತರದಲ್ಲೂ ಪರದೆಯ ಒಂದೂವರೆ ಚುಕ್ಕಿಯ ಮೇಲೆ ಹರಡಿಕೊಳ್ಳಬೇಕಾಗುವುದರಿಂದ ಅಕ್ಷರಗಳ ಅಂಚು ಮಸುಕಾಗುತ್ತದೆ. ಕನ್ನಡಕ್ಕೆ ಇದು ಸಣ್ಣ ನಷ್ಟವಲ್ಲ. ‘ಅರ್ಥ’ಕ್ಕೂ ‘ಅರ್ಧ’ಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕಿ ಮಾತ್ರ, ಪೂರ್ಣ 4ಕೆಯಲ್ಲಿ ಆ ಚುಕ್ಕಿ ಕಣ್ಣಿಗೆ ತಾನಾಗಿ ಬೀಳುತ್ತದೆ, ‘ರಾಷ್ಟ್ರ’ದಂಥ ಪದದ ಒತ್ತುಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ. ಹೀಗಾಗಿ ಬೆಳಗಿನ ಕಾಫಿ ಮುಗಿಸಿ ಕರಡು ಓದಲು ಕೂರುವಾಗ 4ಕೆ ಇಟ್ಟುಕೊಳ್ಳುತ್ತೇನೆ, ಮಧ್ಯಾಹ್ನ ಪುಟಗಳನ್ನು ಜೋಡಿಸುವ ಹೊತ್ತಿಗೆ 1440ಕ್ಕೆ ಇಳಿಯುತ್ತೇನೆ. ನಿಂತ ಪುಟವನ್ನು ಓದುವಾಗ 30 ಹರ್ಟ್ಸ್ ಒಂದು ಕೊರತೆಯೆಂದೇ ಅನಿಸುವುದಿಲ್ಲ; ಆ ಗಂಟೆಗಳಲ್ಲಿ ಈ ಅಡಾಪ್ಟರಿನ ಮೇಲೆ ನನಗೆ ನಿಜವಾದ ಕೃತಜ್ಞತೆಯಿದೆ.

ಮಳೆಗಾಲದಲ್ಲೂ ಅದು ಕೈಕೊಡಲಿಲ್ಲ. ಆಷಾಢದ ಥಂಡಿಗೆ ಪುಸ್ತಕದ ರಟ್ಟಿನ ಮೇಲೂ ಬೂಷ್ಟು ಹಿಡಿಯುವ ಊರು ನಮ್ಮದು. ಆದ್ದರಿಂದ ರಾತ್ರಿ ಅಡಾಪ್ಟರನ್ನು ಕಳಚಿ, ಲೋಹದ ತುದಿಯನ್ನು ಒಣ ಹತ್ತಿಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣಗಳಿರುವ ಬಿಸ್ಕತ್ತಿನ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ಗಾಳಿಮಳೆಗೆ ಕರೆಂಟು ಹೋದರೆ ಮಾನಿಟರ್ ಆರಿ, ಅದರ ಪರದೆಯಲ್ಲಿ ತೆರೆದಿದ್ದ ವಿಂಡೋಗಳೆಲ್ಲ ಲ್ಯಾಪ್‌ಟಾಪಿಗೆ ಬಂದು ಸೇರುತ್ತವೆ. ಕರೆಂಟು ಬಂದಾಗ ಅಡಾಪ್ಟರ್ ತಾನೇ ಸಂಪರ್ಕ ಹಿಡಿಯುತ್ತದೆ, ವಿಂಡೋಸ್ 11 ಅವುಗಳನ್ನು ಹಿಂದಿನ ಜಾಗಕ್ಕೇ ಕಳಿಸುತ್ತದೆ.

ಹೊಸದಾಗಿ ಕೊಳ್ಳುವವರು ಪೆಟ್ಟಿಗೆಯ ಮೇಲೆ ‘4ಕೆ 60 ಹರ್ಟ್ಸ್’ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೇಳಬೇಕು. ಎಲ್ಲ ಟೈಪ್-ಸಿ ಕಿಂಡಿಗಳಿಂದಲೂ ಚಿತ್ರ ಹೊರಡುವುದಿಲ್ಲವಾದ್ದರಿಂದ, ಲ್ಯಾಪ್‌ಟಾಪಿನ ಕೈಪಿಡಿಯನ್ನೂ ಮೊದಲೇ ನೋಡಿಕೊಳ್ಳುವುದು ಅಗತ್ಯ. ಮಾನಿಟರಿನಲ್ಲಿ ಡಿಸ್‌ಪ್ಲೇಪೋರ್ಟ್ ಇದ್ದರೆ, ಸಂಕೇತವನ್ನು ಬದಲಿಸುವ ಗೋಜಿಲ್ಲದೆ ನೇರವಾಗಿ ದಾಟಿಸುವ ಟೈಪ್-ಸಿ ಡಿಸ್‌ಪ್ಲೇಪೋರ್ಟ್ ಕೇಬಲ್ಲೇ ಮೇಲು. ಈಗ ಕೈಯಲ್ಲಿರುವ ಪುಸ್ತಕದ ಹಣ ಬಂದ ಕೂಡಲೇ ನಾನೂ ಅದನ್ನೇ ತರಿಸುತ್ತೇನೆ. ಈ ಅಡಾಪ್ಟರ್ ಮನೆಯ ಫುಲ್ ಎಚ್‌ಡಿ (1920×1080 ಚುಕ್ಕಿಗಳ) ಟಿವಿಗೆ ಹೋಗುತ್ತದೆ, ಅಲ್ಲಿ ಅದು 60 ಹರ್ಟ್ಸನ್ನು ಪೂರ್ತಿಯಾಗಿಯೇ ಕೊಡುತ್ತದೆ.