ಸೀಟು ಹಿಡಿದಿಡಲು ಹಣ ಕಟ್ಟುವ ಮೊದಲು ಜೂನ್ 1ರ ಲೆಕ್ಕ ಹಾಕಿಕೊಳ್ಳಿ

ತುಮಕೂರಿನಲ್ಲಿ ಮಗುವನ್ನು ಒಂದನೇ ತರಗತಿಗೆ ಸೇರಿಸಲು ಓಡಾಡುತ್ತಿರುವವರು ದಯವಿಟ್ಟು ಇದನ್ನು ಓದಿ. ಊರಿನ ಒಂದು ಖಾಸಗಿ ಶಾಲೆ ನನ್ನ ಮಗಳಿಗೆ ವಯಸ್ಸು ಸಾಲದು ಎಂದು ಗೊತ್ತಿದ್ದೂ ಸೀಟಿನ ಹೆಸರಿನಲ್ಲಿ 15,000 ರೂಪಾಯಿ ಕಟ್ಟಿಸಿಕೊಂಡಿತು. ಕೊನೆಗೆ ಸೀಟೂ ಸಿಗಲಿಲ್ಲ, ಹಣವೂ ಪೂರ್ತಿ ಬರಲಿಲ್ಲ. ಶಾಲೆಯ ಹೆಸರು ಬರೆಯುವುದಿಲ್ಲ. ಇದು ಒಂದೇ ಶಾಲೆಯ ಚಾಳಿಯಲ್ಲ ಎಂದು ಆಮೇಲೆ ಬೇರೆ ಪೋಷಕರಿಂದ ತಿಳಿಯಿತು.

ಮಗಳು ಹುಟ್ಟಿದ್ದು 2020ರ ಸಂಕ್ರಾಂತಿಯ ಮರುದಿನ. ಯುಕೆಜಿ ಮುಗಿಯುವುದರಲ್ಲಿತ್ತು. 2025-26ನೇ ಸಾಲಿಗೆಂದು ಡಿಸೆಂಬರ್‌ನಲ್ಲೇ ವಿಚಾರಿಸಲು ಹೋದೆವು. ಕಚೇರಿಯ ಗುಮಾಸ್ತರು ಉದ್ದನೆಯ ರಿಜಿಸ್ಟರನ್ನು ನಮ್ಮ ಕಡೆಗೆ ತಿರುಗಿಸಿದರು. ಕೆಲವು ಹೆಸರು ನೀಲಿ ಶಾಯಿಯಲ್ಲಿ, ಕೆಲವು ಪೆನ್ಸಿಲಿನಲ್ಲಿ. "ಪೆನ್ಸಿಲಿನಲ್ಲಿರುವವರು ಇನ್ನೂ ಹಣ ಕಟ್ಟಿಲ್ಲ ಮೇಡಂ. ಬೇರೆಯವರು ಬಂದು ಕಟ್ಟಿದರೆ ಅಳಿಸಿ ಬರೆಯುತ್ತೇವೆ. ಉಳಿದಿರುವುದು ಮೂರೇ ಸೀಟು" ಎಂದರು. ರಬ್ಬರನ್ನೂ ನಮ್ಮ ಕಣ್ಣಿಗೆ ಬೀಳುವ ಹಾಗೆ ರಿಜಿಸ್ಟರಿನ ಪಕ್ಕದಲ್ಲೇ ಇಟ್ಟುಕೊಂಡಿದ್ದರು.

ಜೂನ್ 1ಕ್ಕೆ ಮಗುವಿಗೆ ಆರು ವರ್ಷ ತುಂಬಿರಬೇಕು ಎಂಬ ಆದೇಶವನ್ನು ಸರ್ಕಾರ ಹೊರಡಿಸಿದ್ದು 2022ರಲ್ಲಿ. 2025-26ರಿಂದ ಜಾರಿ ಎಂದು ಆಗಲೇ ನಿಗದಿಯಾಗಿತ್ತು. ಜನನ ಪ್ರಮಾಣಪತ್ರವನ್ನು ಅವರ ಕೈಗೇ ಕೊಟ್ಟು ಈ ವಿಷಯ ಕೇಳಿದೆ. "ಸಡಿಲಿಸಿಯೇ ಸಡಿಲಿಸುತ್ತಾರೆ ಮೇಡಂ, ಅದನ್ನು ನಮಗೆ ಬಿಡಿ" ಎಂಬ ಉತ್ತರ ಬಂತು. ನಮ್ಮ ಮಾವನವರ ಕಾಲದಲ್ಲಿ ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿನಿಂದ ಹಾಯಿಸಿ ಎಡಗಿವಿಗೆ ಮುಟ್ಟಿಸಿ ನೋಡುತ್ತಿದ್ದರಂತೆ. ಮುಟ್ಟಿದರೆ ದಾಖಲಾತಿ, ಇಲ್ಲದಿದ್ದರೆ ಮುಂದಿನ ವರ್ಷ ಬಾ. ಸುಳ್ಳು ಭರವಸೆಗೆ ಅಲ್ಲಿ ಎಡೆಯಿರಲಿಲ್ಲ.

ಹಣ ಕಟ್ಟುವ ಮೊದಲು ಸಂದರ್ಶನವೂ ಆಯಿತು. ಮಗಳಿಂದ ಮಗ್ಗಿ ಹೇಳಿಸಿದರು. ನಮ್ಮ ಓದು, ಸಂಬಳ ಕೇಳಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ದಾಖಲಾತಿಗೆ ಮಗುವನ್ನಾಗಲಿ ಪೋಷಕರನ್ನಾಗಲಿ ಹೀಗೆ ಪರೀಕ್ಷಿಸುವಂತಿಲ್ಲ. ಮೊದಲ ಸಲಕ್ಕೆ 25,000 ರೂಪಾಯಿವರೆಗೆ, ಆಮೇಲಿನ ಪ್ರತಿ ಸಲಕ್ಕೂ 50,000ದವರೆಗೆ ದಂಡವಿದೆ. ಪ್ರಕಟಿಸಿದ ಶುಲ್ಕವನ್ನು ಬಿಟ್ಟು ಬೇರೆ ಯಾವ ಹೆಸರಿನಲ್ಲಿ ಹಣ ತೆಗೆದುಕೊಂಡರೂ ಅದರ ಹತ್ತು ಪಟ್ಟಿನವರೆಗೆ ದಂಡ. ನಮಗೆ ಕೊಟ್ಟ ರಸೀದಿಯಲ್ಲಿ ಶಾಲೆಯ ಹೆಸರೇ ಇರಲಿಲ್ಲ. ಯಾವುದೋ ಟ್ರಸ್ಟಿನ ಮೊಹರು, ಕೆಳಗೆ "ಸ್ವಇಚ್ಛೆಯ ದೇಣಿಗೆ, ಹಿಂತಿರುಗಿಸಲಾಗುವುದಿಲ್ಲ" ಎಂಬ ಒಕ್ಕಣೆ. ಸೀಟಿಗೆ ಕೊಟ್ಟ ಹಣವಲ್ಲವೇ ಎಂದರೆ, ಎಲ್ಲರಿಗೂ ಹೀಗೇ ಕೊಡುವುದು ಎಂದರು. ನಗದೇ ಬೇಕು ಎಂದು ಹಟ ಹಿಡಿದಿದ್ದರು. ನನ್ನ ಗಂಡ ಒಪ್ಪದೆ ಮೊಬೈಲಿನಲ್ಲೇ ಪಾವತಿಸಿದ್ದರು, ಮುಂದೆ ನಮ್ಮನ್ನು ಕಾಪಾಡಿದ್ದು ಅದೊಂದೇ.

ಏಪ್ರಿಲ್ ಮಧ್ಯದಲ್ಲಿ ಸರ್ಕಾರ ನಿಜಕ್ಕೂ ಸಡಿಲಿಸಿತು. ಆದರೆ ಆ ಒಂದು ವರ್ಷಕ್ಕೆ ಮಾತ್ರ, ಯುಕೆಜಿ ಮುಗಿಸಿ, ಜೂನ್ 1ಕ್ಕೆ ಐದು ವರ್ಷ ಐದು ತಿಂಗಳು ತುಂಬಿದವರಿಗೆ. ನಮ್ಮ ಮಗಳಿಗೆ ಎರಡು ವಾರ ಕಡಿಮೆ. ಶಾಲೆಯವರ ಮಾತಿನ ವರಸೆಯೇ ಬದಲಾಯಿತು: ವಿದ್ಯಾರ್ಥಿಗಳ ಹೆಸರು ದಾಖಲಿಸುವ ಶಿಕ್ಷಣ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಹೆಸರು ಹತ್ತುವುದಿಲ್ಲ, ನಾವೇನು ಮಾಡಲಾಗುತ್ತದೆ ಎಂದು ಕೈ ಚೆಲ್ಲಿದರು. ಮತ್ತೆ ಯುಕೆಜಿಗೇ ಸೇರಿಸಿ, ಕಟ್ಟಿದ ಹಣವನ್ನು ಅಲ್ಲಿಗೆ ಹೊಂದಿಸುತ್ತೇವೆ ಎಂದರು. ಅದಕ್ಕೆ ಒಪ್ಪದಿದ್ದಾಗ ಇನ್ನೊಂದು ಉಪಾಯ ಬಂತು: ದಾಖಲೆಯಲ್ಲಿ ಯುಕೆಜಿ, ಕೂರುವುದು ಒಂದನೇ ತರಗತಿಯಲ್ಲಿ. ಹಾಗಾದರೆ ಮುಂದಿನ ವರ್ಷ ಅವಳನ್ನು ಎಲ್ಲಿ ಕೂರಿಸುತ್ತೀರಿ ಎಂದು ಕೇಳಿದೆ. ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಅವಳು ಓದುತ್ತಿದ್ದ ಹಳೆಯ ಶಾಲೆಯ ಯುಕೆಜಿಯೂ ಭರ್ತಿಯಾಗಿತ್ತು. ಮನೆಯಿಂದ ದೂರದ ಇನ್ನೊಂದು ಕಡೆ ಸೇರಿಸಬೇಕಾಯಿತು.

ಈ "ಮೂರೇ ಸೀಟು" ಎಂಬುದನ್ನು ನಾನು ಇನ್ನು ನಂಬುವುದಿಲ್ಲ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗ ತೆರೆದಾಗ ತರಗತಿಗೆ 30 ಮಕ್ಕಳೆಂದು ಮಿತಿ ಇಟ್ಟಿದ್ದರು. ಅದು ಎಲ್ಲರಿಗೂ ಗೊತ್ತಿದ್ದ ಲೆಕ್ಕ. ಇಲ್ಲಿಯದು ಗುಮಾಸ್ತರ ಪೆನ್ಸಿಲಿನ ಲೆಕ್ಕ. ಜೂನ್ ಕಳೆದ ಮೇಲೂ ಆ ಶಾಲೆಯ ಗೇಟಿನ ಮೇಲೆ ದಾಖಲಾತಿಯ ಬ್ಯಾನರ್ ತೂಗಾಡುತ್ತಿತ್ತು.

ಬಾಯಿಮಾತಿನ ಜಗಳದಿಂದ ಏನೂ ಆಗಲಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತ ದೂರು ಕೊಟ್ಟು, ಮೊಹರು ಹಾಕಿಸಿಕೊಂಡ ಸ್ವೀಕೃತಿ ಪ್ರತಿಯನ್ನು ಶಾಲೆಯವರ ಮುಂದಿಟ್ಟ ಮೇಲೆ ಅರ್ಧ ಹಣ ಬಂತು. ಉಳಿದರ್ಧಕ್ಕೆ ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ಬರೆದಿದ್ದೇವೆ. ಅಲ್ಲೂ ಆಗದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರವಿದೆ. ನೀವು ಹೋಗುವುದಾದರೆ ಪಾವತಿಯ ದಾಖಲೆ, ರಸೀದಿ, ಜನ್ಮದಿನಾಂಕ ಬರೆದು ಕೊಟ್ಟ ಅರ್ಜಿಯ ನಕಲು ಕೈಯಲ್ಲಿರಲಿ. ಅರ್ಜಿಯ ನಕಲನ್ನು ತುಂಬಿದ ದಿನವೇ ತೆಗೆದಿಟ್ಟುಕೊಳ್ಳಿ, ಆಮೇಲೆ ಕೇಳಿದರೆ ಕಡತ ಸಿಗುತ್ತಿಲ್ಲ ಎನ್ನುತ್ತಾರೆ.