ಟ್ರಸ್ ರಾಡ್ ತಿರುಗಿಸಿ ತಂತಿ ಇಳಿಸುವವರ ಕೈಗೆ ಬೇಸ್ ಗಿಟಾರ್ ಕೊಡಬೇಡಿ

ದಸರಾ ಹತ್ತಿರ ಬಂತೆಂದರೆ ಮೈಸೂರು, ಮಂಡ್ಯದ ಆರ್ಕೆಸ್ಟ್ರಾದವರು ಗಿಟಾರ್‌ಗಳನ್ನೆಲ್ಲ ಒಟ್ಟಿಗೇ ರಿಪೇರಿಗೆ ಹಾಕುತ್ತಾರೆ. ಆ ಅವಸರದಲ್ಲಿ ಮೈಸೂರಿನ ಅಂಗಡಿಯೊಂದರಲ್ಲಿ 'ಸೆಟಪ್' (ನುಡಿಸಲು ಹದ ಮಾಡುವ ಕೆಲಸ) ಆಗಿ ಬಂದ ನಾಲ್ಕು ತಂತಿಯ ಬೇಸ್ ಒಂದರ ಪಾಡು ಇದು.

ಬೇಸ್ ನುಡಿಸುವವರು ಕೇಳಿದ್ದು ಇಷ್ಟೇ: ತಂತಿ ಎತ್ತರ ಇದೆ, ಸ್ವಲ್ಪ ಇಳಿಸಿಕೊಡಿ. ಅದಕ್ಕೆ ಬುಡದ ಬ್ರಿಡ್ಜ್‌ನಲ್ಲಿ ಸ್ಯಾಡಲ್‌ನ (ತಂತಿ ಕೂರುವ ತುಂಡು) ಸ್ಕ್ರೂ ಇದೆ. ಅಂಗಡಿಯವರು ಟ್ರಸ್ ರಾಡ್, ಅಂದರೆ ನೆಕ್ (ಗಿಟಾರಿನ ಉದ್ದ ಹಿಡಿ) ಒಳಗಿದ್ದು ಅದರ ಬಾಗು ಹೊಂದಿಸುವ ಸರಳು, ಬಿಗಿ ಮಾಡಿದರು. ನೆಕ್ ಹಿಂದಕ್ಕೆ ಬಾಗಿ, ಒಂದರಿಂದ ಐದನೇ ಫ್ರೆಟ್‌ವರೆಗೆ (ಫ್ರೆಟ್ ಅಂದರೆ ನೆಕ್ ಮೇಲಿನ ಅಡ್ಡ ಪಟ್ಟಿ) ಜರ್ ಎನ್ನತೊಡಗಿತು. ಅದು ನಿಲ್ಲಲಿ ಅಂತ ಸ್ಯಾಡಲ್ ಎತ್ತಿದರು. ಈಗ ಮತ್ತೆ ಎತ್ತರ. ನೆಕ್‌ನ ತುದಿಯಲ್ಲಿ ತಂತಿ ಹಾದುಹೋಗುವ ನಟ್‌ನ ಗೀರುಗಳಿಗೆ ಅರ ಹಾಕಿದರು. ಕೊನೆಗೆ ಓಪನ್ ತಂತಿ ಮೀಟಿದರೂ ಮೊದಲ ಫ್ರೆಟ್‌ಗೆ ಬಡಿಯುತ್ತಿತ್ತು, 12ನೇ ಫ್ರೆಟ್‌ನಲ್ಲಿ ಒತ್ತಿದರೆ ಶ್ರುತಿ ಏರುತ್ತಿತ್ತು. ಸಾಲದ್ದಕ್ಕೆ ಟ್ರಸ್ ರಾಡ್‌ನ 3/16 ಇಂಚಿನ, ಅಂದರೆ 4.76 ಮಿ.ಮೀ. ಬಾಯಿಗೆ 4.5 ಮಿ.ಮೀ. ಅಲನ್ ಕೀ ತೂರಿಸಿದ್ದರು. ಅದು ಜಾರಿ ಜಾರಿ ಒಳಗಿನ ಮೂಲೆಗಳೆಲ್ಲ ಉರುಟಾಗಿದ್ದವು. ರಾಡ್ ಕೆಟ್ಟರೆ ನೆಕ್ಕೇ ಹೋದ ಹಾಗೆ, ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ.

ಕೆಲಸಕ್ಕೊಂದು ಕ್ರಮವಿದೆ. ಮೊದಲು ತಂತಿಗಳನ್ನು ಇ, ಎ, ಡಿ, ಜಿ ಶ್ರುತಿಗೆ ತರಬೇಕು. 45–105 ಸೆಟ್‌ನ (ದಪ್ಪ ಇಂಚಿನ ಸಾವಿರದ ಭಾಗದಲ್ಲಿ) ನಾಲ್ಕೂ ತಂತಿ ಸೇರಿ 70 ಕೆ.ಜಿ.ಗೂ ಹೆಚ್ಚು ಎಳೆಯುತ್ತವೆ. ಸಡಿಲ ತಂತಿಯಲ್ಲಿ ತೆಗೆದ ಅಳತೆ ಉಪಯೋಗಕ್ಕೆ ಬಾರದು. ಇ ತಂತಿ 41.2 ಹರ್ಟ್ಜ್. ಎಷ್ಟೋ ಮೊಬೈಲ್ ಮೈಕ್‌ಗಳಿಗೆ ಅದು ಸರಿಯಾಗಿ ಸಿಗುವುದಿಲ್ಲ, ಕ್ಲಿಪ್ ಟ್ಯೂನರ್ ಇಟ್ಟುಕೊಳ್ಳಿ.

ಆಮೇಲೆ ನೆಕ್. ಒಂದನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್‌ನಲ್ಲಿ ಇ ತಂತಿ ಒತ್ತಿ ಹಿಡಿದು, 8ನೇ ಫ್ರೆಟ್ ಮೇಲಿನ ಸಂದು ನೋಡಿ. 0.3ರಿಂದ 0.35 ಮಿ.ಮೀ. ಇರಬೇಕು. ಬೈಕ್ ಗ್ಯಾರೇಜಿನವರು ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜ್ ಇದಕ್ಕೆ ಸಾಕು. ಸಂದು ಹೆಚ್ಚಿದ್ದರೆ ರಾಡ್ ಬಲಕ್ಕೆ, ಕಡಿಮೆಯಿದ್ದರೆ ಎಡಕ್ಕೆ, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಮತ್ತೆ ಶ್ರುತಿ ಮಾಡಿ ಅಳೆಯಿರಿ, ಮಾರನೇ ದಿನ ಇನ್ನೊಮ್ಮೆ ನೋಡಿ, ಮರ ನಿಧಾನಕ್ಕೆ ಕೂರುತ್ತದೆ.

ತಂತಿಯ ಎತ್ತರ ಇದಾದ ಮೇಲೆ. 17ನೇ ಫ್ರೆಟ್‌ನಲ್ಲಿ ಇ 2.4, ಜಿ 2 ಮಿ.ಮೀ. ಸುಮಾರು ಹೊಂದುತ್ತದೆ, ಜೋರಾಗಿ ಮೀಟುವವರು ತುಸು ಹೆಚ್ಚು ಬಿಟ್ಟುಕೊಳ್ಳಿ. ಕೊನೆಗೆ ಇಂಟೊನೇಶನ್, ಅಂದರೆ ಎಲ್ಲ ಫ್ರೆಟ್‌ನಲ್ಲೂ ಶ್ರುತಿ ಸರಿ ಬರುವುದು: 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಅಲ್ಲೇ ತಂತಿಯನ್ನು ಬರೀ ಮುಟ್ಟಿ ಮೀಟಿದ ಹಾರ್ಮೋನಿಕ್‌ಗಿಂತ ಏರಿದ್ದರೆ ಸ್ಯಾಡಲ್ ನೆಕ್‌ನಿಂದ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ದುಡ್ಡು ಕೊಡುವ ಮುಂಚೆ ಅಲ್ಲೇ ಮೂರನೇ ಫ್ರೆಟ್‌ನಲ್ಲಿ ತಂತಿ ಒತ್ತಿ, ಮೊದಲ ಫ್ರೆಟ್ ಮೇಲೆ ಕೂದಲೆಳೆಯಷ್ಟು ಸಂದು ಇದೆಯಾ ನೋಡಿ. ಇಲ್ಲದಿದ್ದರೆ ನಟ್ ಹೆಚ್ಚು ಅರೆದಿದ್ದಾರೆ ಎಂದೇ ಅರ್ಥ. ಗಮ್ ತುಂಬಿ ಕೊಡುತ್ತೇವೆ ಅಂದರೆ ಒಪ್ಪಬೇಡಿ, ಹೊಸ ನಟ್ ಹಾಕಿಸಿ ಎನ್ನಿ.